ಪೆಲೆಟ್ ಒಲೆಯಲ್ಲಿ ಗಾಳಿ ಮತ್ತು ಹೊಗೆಯ ಹರಿವಿನ ದೋಷಗಳು

ಪೆಲೆಟ್ ಒಲೆಯು ಮರದ ಹೊಟ್ಟನ್ನು ಅಧಿಕ ಒತ್ತಡದಲ್ಲಿ ಅದುಮಿ ತಯಾರಿಸಿದ ಸಣ್ಣ ಗುಳಿಗೆಗಳನ್ನು ಉರಿಸಿ ಮನೆಯನ್ನು ಬೆಚ್ಚಗಿಡುವ ಸಾಧನ. ಉತ್ತರ ಅಮೆರಿಕ ಮತ್ತು ಯುರೋಪಿನಲ್ಲಿ, ವಿಶೇಷವಾಗಿ ಇಟಲಿಯಲ್ಲಿ, ಇದರ ಬಳಕೆ ಹೆಚ್ಚು. 1970ರ ದಶಕದ ತೈಲ ಬಿಕ್ಕಟ್ಟಿನ ತರುವಾಯ ಪರ್ಯಾಯ ಇಂಧನಗಳ ಹುಡುಕಾಟ ನಡೆದಾಗ ಮರದ ಗುಳಿಗೆಗಳತ್ತ ಗಮನ ಹರಿಯಿತು. 1980ರ ದಶಕದಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ವಿಮಾನ ಎಂಜಿನಿಯರ್ ಜೆರ್ರಿ ವಿಟ್‌ಫೀಲ್ಡ್ ಮನೆಬಳಕೆಗೆ ಒಗ್ಗುವ ಒಲೆಯನ್ನು ರೂಪಿಸಿದರು. ಒಲೆ ಕೆಟ್ಟಿತೆಂದು ಭಾವಿಸುವ ಅನೇಕ ಸಂದರ್ಭಗಳಲ್ಲಿ ಅದರ ಯಂತ್ರಭಾಗಗಳು ಸರಿಯಾಗಿಯೇ ಇದ್ದು, ಗಾಳಿ ಒಳಬರುವ ಅಥವಾ ಹೊಗೆ ಹೊರಹೋಗುವ ಮಾರ್ಗದಲ್ಲಿ ಅಡ್ಡಿ ಉಂಟಾಗಿರುತ್ತದೆ.

ಗಾಳಿಯ ಮಾರ್ಗ

ಸೌದೆಯ ಒಲೆಯಲ್ಲಿ ಬಿಸಿ ಹೊಗೆಯು ಹಗುರವಾಗಿರುವುದರಿಂದ ಹೊಗೆಕೊಳವೆಯ ಮೂಲಕ ತಾನಾಗಿಯೇ ಮೇಲೇರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆಯ ತತ್ತ್ವವೂ ಇದೇ. ಪೆಲೆಟ್ ಒಲೆಯಲ್ಲಿ ಹಾಗಲ್ಲ. ಹೊಗೆಯ ಶಾಖದ ಬಹುಭಾಗವನ್ನು ಕೋಣೆಗೆ ಸೆಳೆದುಕೊಳ್ಳುವುದರಿಂದ ಉಳಿದ ಹೊಗೆಗೆ ಮೇಲೇರುವ ಶಕ್ತಿ ಸಾಲದು. ಆದ್ದರಿಂದ ಫ್ಯಾನೊಂದು ಹೊಗೆಯನ್ನು ಎಳೆದು ಹೊರದೂಡುತ್ತದೆ. ಇದರಿಂದ ಉರಿಯುವ ಕೋಣೆಯೊಳಗೆ ಒತ್ತಡ ತಗ್ಗಿ, ಹೊಸ ಗಾಳಿಯು ಉರಿಬಟ್ಟಲಿನ ರಂಧ್ರಗಳ ಮೂಲಕ ನುಗ್ಗಿ ಬರುತ್ತದೆ. ಮನೆಯೊಳಗೆ ಬಿಸಿಗಾಳಿ ಊದುವ ಫ್ಯಾನ್ ಬೇರೆಯೇ ಇರುತ್ತದೆ. ಇವೆರಡನ್ನೂ ಒಂದೆಂದು ತಿಳಿಯುವವರು ಹಲವರು. ಬಿಸಿಗಾಳಿ ಚೆನ್ನಾಗಿ ಬೀಸಿದ ಮಾತ್ರಕ್ಕೆ ಹೊಗೆ ಸರಿಯಾಗಿ ಹೋಗುತ್ತಿದೆ ಎಂದರ್ಥವಲ್ಲ.

ಲಕ್ಷಣಗಳು

ಸಾಕಷ್ಟು ಗಾಳಿ ದೊರೆತಾಗ ಜ್ವಾಲೆಯು ಚುರುಕಾಗಿ, ಉಜ್ವಲ ಹಳದಿ ಬಣ್ಣದಿಂದ ಉರಿಯುತ್ತದೆ. ಗಾಳಿ ಸಾಲದಾದಾಗ ಅದು ಉದ್ದವಾಗಿ, ಮಂದವಾಗಿ ಓಲಾಡುತ್ತ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ತುದಿಯಲ್ಲಿ ಕಪ್ಪು ಹೊಗೆ ಕಾಣಿಸುತ್ತದೆ. ಬಾಗಿಲಿನ ಗಾಜು ಬೇಗನೆ ಮಸಿ ಹಿಡಿಯುತ್ತದೆ, ಅರೆಬೆಂದ ಗುಳಿಗೆಗಳು ಬಟ್ಟಲಿನಲ್ಲಿ ರಾಶಿ ಬೀಳುತ್ತವೆ.

ಬೂದಿ ಮತ್ತು ಸೋರಿಕೆ

ತಪಾಸಣೆಗೆ ಮೊದಲು ಒಲೆಯು ಪೂರ್ತಿ ತಣಿದಿರಬೇಕು, ವಿದ್ಯುತ್ ಸಂಪರ್ಕವನ್ನು ಕಳಚಿರಬೇಕು. ಮೊದಲು ನೋಡತಕ್ಕದ್ದು ಉರಿಬಟ್ಟಲನ್ನು. ಬೂದಿಯು ಕರಗಿ ಗಟ್ಟಿಯಾದ ಕಿಟ್ಟವು ಅದರ ರಂಧ್ರಗಳನ್ನು ಮುಚ್ಚುತ್ತದೆ. ಹೆಚ್ಚು ತೊಗಟೆ ಅಥವಾ ಮಣ್ಣು ಬೆರೆತ ಅಗ್ಗದ ಗುಳಿಗೆಗಳಲ್ಲಿ ಈ ತೊಂದರೆ ಅಧಿಕ. ಗುಳಿಗೆಯ ತೇವಾಂಶವು ಶೇ. 10ನ್ನು ಮೀರಬಾರದು.

ಬಟ್ಟಲನ್ನು ಮಾತ್ರ ತೊಳೆದಂತೆ ಚೊಕ್ಕಟ ಮಾಡಿ ಒಳಮಾರ್ಗಗಳನ್ನು ಮರೆಯುವುದುಂಟು. ಹಿಂಬದಿಯ ಹಲಗೆಗಳ ಮರೆಯಲ್ಲಿರುವ ಹೊಗೆಯ ಹಾದಿ, ಫ್ಯಾನಿನ ರೆಕ್ಕೆಗಳು, ಹೊಗೆಕೊಳವೆಯ ಮೊದಲ ತಿರುವು ಇವು ನುಣುಪು ಬೂದಿ ಕೂಡುವ ಜಾಗಗಳು. ಮನೆ ಗುಡಿಸುವ ಸಾಮಾನ್ಯ ವ್ಯಾಕ್ಯೂಮ್ ಕ್ಲೀನರನ್ನು ಇಲ್ಲಿ ಬಳಸಬಾರದು. ಬೂದಿಯಲ್ಲಿ ಅಡಗಿದ ಕೆಂಡದಿಂದ ಅದರ ಚೀಲಕ್ಕೆ ಬೆಂಕಿ ತಗುಲಬಹುದು.

ಬಾಗಿಲಿನ ಸುತ್ತಲಿನ ಶಾಖನಿರೋಧಕ ಹುರಿಯು ಸವೆದರೆ ಗಾಳಿಯು ಅಲ್ಲಿಂದಲೇ ನುಸುಳಿ ಬಟ್ಟಲನ್ನು ತಲುಪದೆ ಹೋಗುತ್ತದೆ. ಇದನ್ನು ಪರೀಕ್ಷಿಸಲು ಬಾಗಿಲಿನ ಸಂದಿನಲ್ಲಿ ಕಾಗದದ ನೋಟೊಂದನ್ನು ಇಟ್ಟು ಮುಚ್ಚಿ ಎಳೆಯುತ್ತಾರೆ. ಸುಲಭವಾಗಿ ಜಾರಿ ಬಂದರೆ ಹುರಿಯನ್ನು ಬದಲಿಸಬೇಕು.

ಹೊಗೆಕೊಳವೆ

ಕೊಳವೆಯ ಪ್ರತಿಯೊಂದು ತಿರುವೂ ಹೊಗೆಯ ವೇಗವನ್ನು ತಗ್ಗಿಸುತ್ತದೆ. ಅಮೆರಿಕದ ಅಳವಡಿಕೆ ಕೈಪಿಡಿಗಳಲ್ಲಿ ಬಳಕೆಯಲ್ಲಿರುವ ಲೆಕ್ಕ ಸರಳವಾದುದು: 90 ಡಿಗ್ರಿ ತಿರುವಿಗೆ 5 ಅಡಿ, 45 ಡಿಗ್ರಿ ತಿರುವಿಗೆ 3 ಅಡಿ, ಅಡ್ಡಕೊಳವೆಯ ಪ್ರತಿ ಅಡಿಗೆ 1 ಅಡಿ, ನೇರ ಮೇಲೇರುವ ಪ್ರತಿ ಅಡಿಗೆ ಅರ್ಧ ಅಡಿ. ಮೊತ್ತವು 15 ಅಡಿಯನ್ನು ಮೀರಿದರೆ 3 ಇಂಚಿನ ಕೊಳವೆಯ ಬದಲು 4 ಇಂಚಿನದನ್ನು ಹಾಕಬೇಕು. ಎರಡು ಲಂಬ ತಿರುವು, 3 ಅಡಿ ಅಡ್ಡ ಮತ್ತು 6 ಅಡಿ ಎತ್ತರದ ಕೊಳವೆಯಿದ್ದರೆ 10, 3, 3 ಸೇರಿ 16 ಆಗುತ್ತದೆ. ನೋಟಕ್ಕೆ ಚಿಕ್ಕದಾದ ಈ ಜೋಡಣೆಗೂ 4 ಇಂಚು ಬೇಕು. ಕೊಳವೆಯ ಹೊರತುದಿಯ ಜಾಲರಿಯಲ್ಲಿ ಮಸಿ, ಬೇಸಿಗೆಯಲ್ಲಿ ಹಕ್ಕಿಗೂಡು ಕಟ್ಟಿಕೊಳ್ಳುತ್ತದೆ.

ಒತ್ತಡದ ಸ್ವಿಚ್

ಒಳಗಿನ ಒತ್ತಡ ಸಾಕಷ್ಟು ತಗ್ಗದಿದ್ದರೆ ಈ ಸ್ವಿಚ್ ಗುಳಿಗೆಗಳ ಪೂರೈಕೆಯನ್ನು ತಡೆದು ಒಲೆಯನ್ನು ಆರಿಸುತ್ತದೆ. ಅದಕ್ಕೆ ಸೇರುವ ಸಣ್ಣ ರಬ್ಬರ್ ನಳಿಕೆ ಬಿರುಕು ಬಿಟ್ಟರೂ, ಬೂದಿ ಕಟ್ಟಿದರೂ ಇದೇ ಪರಿಣಾಮ. ಸ್ವಿಚ್ಚಿನ ಎರಡು ತಂತಿಗಳನ್ನು ನೇರವಾಗಿ ಜೋಡಿಸಿ ಒಲೆಯನ್ನು ನಡೆಸುವ ಉಪಾಯ ಅತ್ಯಂತ ಅಪಾಯಕಾರಿ. ಹಾಗೆ ಮಾಡಿದಾಗ ಮುಚ್ಚಿಹೋದ ಕೊಳವೆಯಿದ್ದರೂ ಗುಳಿಗೆಗಳು ಬೀಳುತ್ತಲೇ ಇದ್ದು, ಬಣ್ಣ ವಾಸನೆಗಳಿಲ್ಲದ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ತುಂಬಿಕೊಳ್ಳಬಹುದು. ಮಲಗಿದವರಿಗೆ ಅದು ತಿಳಿಯುವುದೇ ಇಲ್ಲ.

ಮನೆಯ ಗಾಳಿ ಮತ್ತು ವಿದ್ಯುತ್ ನಿಲುಗಡೆ

ಸಂದುಗಳಿಲ್ಲದಂತೆ ಭದ್ರವಾಗಿ ಕಟ್ಟಿದ ಮನೆಗಳಲ್ಲಿ ಅಡುಗೆಮನೆಯ ಹೊಗೆ ಹೊರಹಾಕುವ ಫ್ಯಾನ್ ಒಲೆಯ ಪಾಲಿನ ಗಾಳಿಯನ್ನು ಕಸಿಯುತ್ತದೆ. ಸಮೀಪದ ಕಿಟಕಿ ತೆರೆದೊಡನೆ ಜ್ವಾಲೆ ಚುರುಕಾದರೆ ಕಾರಣ ಸ್ಪಷ್ಟ. ಇದಕ್ಕೆ ಹೊರಗಿನಿಂದ ನೇರವಾಗಿ ಗಾಳಿ ತರುವ ಪ್ರತ್ಯೇಕ ಕೊಳವೆಯೇ ಪರಿಹಾರ.

ವಿದ್ಯುತ್ ಹೋದಾಗ ಫ್ಯಾನ್ ನಿಂತು, ಬಟ್ಟಲಿನಲ್ಲಿ ಉಳಿದ ಗುಳಿಗೆಗಳ ಹೊಗೆ ಕೋಣೆಗೆ ಬರುವುದುಂಟು. ಕೊಳವೆಗೆ ಕೆಲವು ಅಡಿಗಳ ನೇರ ಎತ್ತರವಿದ್ದರೆ ಆ ಹೊಗೆ ತಾನಾಗಿಯೇ ಮೇಲೆಳೆಯಲ್ಪಡುತ್ತದೆ. ಫ್ಯಾನಿಗೆ ಬ್ಯಾಟರಿಯ ವ್ಯವಸ್ಥೆಯನ್ನೂ ಮಾಡಿಕೊಳ್ಳುತ್ತಾರೆ. ಒಲೆಯಿರುವ ಮನೆಯಲ್ಲಿ, ಮಲಗುವ ಕೋಣೆಗಳ ಬಳಿ, ಕಾರ್ಬನ್ ಮಾನಾಕ್ಸೈಡ್ ಎಚ್ಚರಿಕೆ ಗಂಟೆಯನ್ನು ಅಳವಡಿಸಬೇಕು.