ಸೊಂಟ ನೋವು, ಮಂಡಿ ನೋವು, ಪಾರ್ಶ್ವವಾಯು: ಫಿಸಿಯೋಥೆರಪಿ ಯಾರಿಗೆ, ಎಲ್ಲಿ ಕೇಳಬೇಕು? ಇಲ್ಲಿದೆ ಮಾಹಿತಿ

ಕಡೂರು/ತರೀಕೆರೆ/ಅಜ್ಜಂಪುರ: ಪಾರ್ಶ್ವವಾಯು ಹೊಡೆದವರನ್ನು ಶಿವಮೊಗ್ಗಕ್ಕೋ ಚಿಕ್ಕಮಗಳೂರಿಗೋ ಕರೆದುಕೊಂಡು ಹೋಗಿ ಜೀವ ಉಳಿಸಿಕೊಂಡು ಬರುತ್ತಾರೆ. ಮಾತ್ರೆ ಚೀಟಿಯೂ ಕೈಯಲ್ಲಿರುತ್ತದೆ. ಆದರೆ ಮನೆಗೆ ಬಂದ ಮೇಲೆ ಬಿದ್ದ ಕೈಕಾಲಿಗೆ ಏನು ಮಾಡಬೇಕು ಅನ್ನೋದು ಎಷ್ಟೋ ಮನೆಯವರಿಗೆ ಗೊತ್ತಿರುವುದಿಲ್ಲ. ಸುಮ್ಮನೆ ಮಲಗಿಸಿಬಿಟ್ಟರೆ ಕೀಲುಗಳು ಬಿಗಿದುಕೊಳ್ಳುತ್ತವೆ, ಬೆನ್ನಿಗೆ ಹುಣ್ಣಾಗುತ್ತದೆ. ದುಡಿಯುವವರು ಹಾಸಿಗೆ ಹಿಡಿದರೆ ಅಂಗಡಿ, ತೋಟ ಎರಡೂ ನಿಲ್ಲುತ್ತವೆ. ಇದನ್ನು ತಡೆಯುವ ಕೆಲಸ ಫಿಸಿಯೋಥೆರಪಿಸ್ಟ್‌ಗಳದ್ದು.

ಯಾರಿವರು?

ಫಿಸಿಯೋಥೆರಪಿ ಅಂದರೆ ಎಣ್ಣೆ ಹಚ್ಚಿ ಉಜ್ಜುವುದು ಅಥವಾ ಕರೆಂಟ್ ಶಾಖ ಕೊಡುವುದು ಮಾತ್ರ ಅಲ್ಲ. ಯಾವ ಸ್ನಾಯು ಸೋತಿದೆ, ಯಾವ ಕೀಲು ಬಿಗಿದಿದೆ ಎಂದು ಪರೀಕ್ಷಿಸಿ, ಅದಕ್ಕೆ ತಕ್ಕ ವ್ಯಾಯಾಮ ಕಲಿಸುವುದೇ ಮುಖ್ಯ ಕೆಲಸ. ಇದಕ್ಕೆ ಬಿಪಿಟಿ ಪದವಿ ಬೇಕು. 2021ರಲ್ಲಿ ಬಂದ ಕೇಂದ್ರದ ಕಾಯ್ದೆ ಈ ವೃತ್ತಿಯನ್ನೂ ಒಳಗೊಂಡಿದೆ. ಚಿಕಿತ್ಸೆಗೆ ಮೊದಲು ಪದವಿ ಏನು ಎಂದು ಕೇಳುವುದರಲ್ಲಿ ತಪ್ಪಿಲ್ಲ.

ನಮ್ಮ ಕಡೆ ಯಾರಿಗೆ ಬೇಕಾಗುತ್ತದೆ?

* ಬಗ್ಗಿ, ಎತ್ತಿ ದುಡಿಯುವವರು: ಗಂಟೆಗಟ್ಟಲೆ ಕೂತು ಅಡಿಕೆ ಸುಲಿಯುವವರು, ಈರುಳ್ಳಿ ಮೂಟೆ ಹೊರುವ ಹಮಾಲರು, ಬೆಳಗಿನಿಂದ ರಾತ್ರಿವರೆಗೆ ಗಲ್ಲಾ ಮುಂದೆ ಕೂರುವ ಅಂಗಡಿಯವರು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2020ರಲ್ಲಿ ಜಗತ್ತಿನಲ್ಲಿ ಸುಮಾರು 61.9 ಕೋಟಿ ಜನರಿಗೆ ಸೊಂಟ ನೋವಿತ್ತು. ವಾರಗಟ್ಟಲೆ ಮಲಗಿದರೆ ಸ್ನಾಯು ಇನ್ನಷ್ಟು ಸೋಲುತ್ತದೆ. ನಿಧಾನವಾಗಿ ಓಡಾಡುವುದು, ಸರಿಯಾದ ವ್ಯಾಯಾಮ ಮಾಡುವುದೇ ಮೇಲು.
* ಮರದಿಂದ ಬಿದ್ದವರು, ಅಪಘಾತದಲ್ಲಿ ಮೂಳೆ ಮುರಿದವರು: ಪಟ್ಟಿ ಬಿಚ್ಚಿದ ಮಾತ್ರಕ್ಕೆ ಚಿಕಿತ್ಸೆ ಮುಗಿಯಲಿಲ್ಲ, ಕೈಕಾಲಿಗೆ ಬಲ ಬರಬೇಕು.
* ವಯಸ್ಸಾದವರು: ಮಂಡಿ ನೋವಿಗೆ ತೊಡೆಯ ಸ್ನಾಯು ಗಟ್ಟಿಮಾಡುವ ವ್ಯಾಯಾಮ, ಬೀಳದಂತೆ ಸಮತೋಲನದ ಅಭ್ಯಾಸ.
* ಕುತ್ತಿಗೆ ನಿಲ್ಲದ, ಕೂರಲು ತಡವಾಗುವ ಮಕ್ಕಳು: ಬೇಗ ತೋರಿಸಿದಷ್ಟು ಅನುಕೂಲ ಹೆಚ್ಚು.
* ಶುಗರ್, ಬಿಪಿ ಇರುವವರು: ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ ಬೇಕು. ಮಂಡಿ ನೋವಿನಿಂದ ನಡೆಯೋಕೆ ಆಗದವರಿಗೆ ಬೇರೆ ದಾರಿ ಹೇಳಿಕೊಡುತ್ತಾರೆ.

ಪಾರ್ಶ್ವವಾಯು ಆದವರ ಮನೆಯವರಿಗೆ

ವೈದ್ಯರು ಹೇಳಿದ ಕೂಡಲೇ ವ್ಯಾಯಾಮ ಶುರು ಮಾಡಿ. ಮೊದಲ ಕೆಲವು ತಿಂಗಳಲ್ಲಿ ಚೇತರಿಕೆ ಹೆಚ್ಚು. ಎಬ್ಬಿಸುವಾಗ ಸೋತ ಕೈ ಹಿಡಿದು ಎಳೆಯಬೇಡಿ, ಭುಜದ ಕೀಲು ಜಾರುವ ಅಪಾಯವಿದೆ. ಪೂರ್ತಿ ಮಲಗಿದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಮನೆಯ ಒಬ್ಬರಾದರೂ ವ್ಯಾಯಾಮ ಕಲಿತುಕೊಂಡರೆ ದಿನಾ ಆಸ್ಪತ್ರೆಗೆ ಅಲೆಯುವುದು ತಪ್ಪುತ್ತದೆ.

ಎಲ್ಲಿ ವಿಚಾರಿಸಬೇಕು?

* ತಾಲ್ಲೂಕು ಆಸ್ಪತ್ರೆ ಅಥವಾ ಸಮುದಾಯ ಆರೋಗ್ಯ ಕೇಂದ್ರ: ಫಿಸಿಯೋಥೆರಪಿ ಇದೆಯೇ, ಯಾವ ದಿನ ಎಂದು ಹೊರರೋಗಿ ವಿಭಾಗದಲ್ಲಿ ಕೇಳಿ. ಹಿರಿಯರ ಆರೋಗ್ಯಕ್ಕಾಗಿ 2010-11ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಫಿಸಿಯೋಥೆರಪಿಯೂ ಸೇರಿದೆ.
* ಮಕ್ಕಳಿಗೆ: ಅಂಗನವಾಡಿ, ಶಾಲೆಗೆ ಬರುವ ಆರ್‌ಬಿಎಸ್‌ಕೆ ತಂಡಕ್ಕೆ ತಿಳಿಸಿ. 18 ವರ್ಷದವರೆಗಿನವರಿಗೆ ಈ ಯೋಜನೆ ಇದೆ. ಶಾಲೆಗೆ ಹೋಗುವ ಅಂಗವಿಕಲ ಮಕ್ಕಳ ಬಗ್ಗೆ ಬಿಆರ್‌ಸಿಯಲ್ಲೂ ವಿಚಾರಿಸಬಹುದು.
* ಅಂಗವಿಕಲರಿಗೆ: ಯುಡಿಐಡಿ ಕಾರ್ಡ್, ಸಾಧನ ಸಲಕರಣೆಗೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ, ತಾಲ್ಲೂಕು ಪಂಚಾಯಿತಿಯ ಎಂಆರ್‌ಡಬ್ಲ್ಯೂ ಅವರನ್ನು ಭೇಟಿ ಮಾಡಿ.
* ಎಲ್ಲಿ ಹೋಗಬೇಕು ಅಂತಲೇ ಗೊತ್ತಾಗದಿದ್ದರೆ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.

ಇಂಥ ಲಕ್ಷಣ ಇದ್ದರೆ ಕಾಯಬೇಡಿ

ಮುಖ ಸೊಟ್ಟಗಾದರೆ, ಒಂದು ಕಡೆಯ ಕೈಕಾಲು ಸೋತರೆ, ಮಾತು ತೊದಲಿದರೆ ಕೂಡಲೇ 108ಕ್ಕೆ ಕರೆ ಮಾಡಿ. ಇಲ್ಲಿ ಪ್ರತಿ ನಿಮಿಷವೂ ಮುಖ್ಯ. ಸೊಂಟ ನೋವಿನ ಜೊತೆ ಮೂತ್ರ ಕಟ್ಟುವುದು ಅಥವಾ ಹಿಡಿತ ತಪ್ಪುವುದು, ಕಾಲು ಮರಗಟ್ಟುವುದು, ಜ್ವರ ಇದ್ದರೆ ಮೊದಲು ವೈದ್ಯರಿಗೆ ತೋರಿಸಿ. ವ್ಯಾಯಾಮ ಆಮೇಲೆ.