ಚರ್ಮವನ್ನು ಓದುವ ವೈದ್ಯ: ಒಂದು ಹುದ್ದೆಯ ಪೂರ್ವಚರಿತ್ರೆ

ದೊಡ್ಡ ಆಸ್ಪತ್ರೆಯೊಂದು, ಚರ್ಮರೋಗಗಳ ನಿರ್ಣಯದಲ್ಲಿ ವಿಶೇಷ ಶಿಕ್ಷಣವನ್ನು ಪಡೆದ ಪೆಥಾಲಜಿಸ್ಟರೊಬ್ಬರು ಬೇಕಾಗಿದ್ದಾರೆಂದು ಪ್ರಕಟಣೆಯನ್ನು ಹೊರಡಿಸಿದಾಗ, ದೇಹದ ಅವಯವಗಳಲ್ಲೆಲ್ಲ ಚರ್ಮವೊಂದೇ ವೈದ್ಯನ ಬರಿಗಣ್ಣಿಗೆ ನಿಲುಕುವಂತಿರುವಾಗ, ಅದನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿ ನೋಡುವುದಕ್ಕೆಂದೇ ಮತ್ತೊಬ್ಬ ತಜ್ಞನ ಅವಶ್ಯಕತೆ ಏನು ಎಂಬ ಸಂದೇಹವು ಆಡಳಿತಮಂಡಳಿಯವರಿಗಷ್ಟೇ ಅಲ್ಲದೆ ವೈದ್ಯರಲ್ಲಿಯೂ ಕೆಲವರಿಗೆ ಉಂಟಾಗುವುದು ಸಹಜ. ಇದಕ್ಕೆ ಉತ್ತರವನ್ನು ಹುದ್ದೆಯ ಅರ್ಹತಾಪಟ್ಟಿಯಲ್ಲಿ ಹುಡುಕುವುದಕ್ಕಿಂತ, ಡರ್ಮಟೊಪೆಥಾಲಜಿ ಎಂಬ ಶಾಸ್ತ್ರಶಾಖೆಯು ಸುಮಾರು ಎರಡು ಶತಮಾನಗಳಲ್ಲಿ ಬೆಳೆದುಬಂದ ಬಗೆಯಲ್ಲಿ ಹುಡುಕುವುದು ಮೇಲು. ಏಕೆಂದರೆ ಇದನ್ನು ಮೊದಲು ಕಟ್ಟಿದವರು ಪ್ರಯೋಗಶಾಲೆಯ ಪಂಡಿತರಾಗಿರದೆ, ರೋಗಿಯ ಮೈಮೇಲಿನ ಕಲೆಯನ್ನು ಕೈಯಿಂದ ಸವರಿ ನೋಡಿದ ಚರ್ಮವೈದ್ಯರಾಗಿದ್ದರು.

ಲಂಡನ್ನಿನ ರಾಬರ್ಟ್ ವಿಲನ್ನನು 1808ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಚರ್ಮರೋಗಗಳನ್ನು ಅವುಗಳ ಬಾಹ್ಯರೂಪದ ಆಧಾರದಿಂದ ಎಂಟು ಗಣಗಳಾಗಿ ವಿಂಗಡಿಸಿದನು. ಗುಳ್ಳೆ, ಬೊಕ್ಕೆ, ಹೊಪ್ಪಳೆ, ಕೀವುಗುಳ್ಳೆ, ಮಚ್ಚೆ ಎಂದು ಕಂಡದ್ದನ್ನು ಕಂಡಂತೆ ಹೆಸರಿಸುವ ಈ ಶಿಸ್ತು ಇಂದಿಗೂ ಚರ್ಮವಿಭಾಗದ ಹೊರರೋಗಿ ಕೊಠಡಿಗಳಲ್ಲಿ ಉಸಿರಾಡುತ್ತಿದೆ. ಅವನ ತರುವಾಯ ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ಆಲಿಬೇರನು ಚರ್ಮವ್ಯಾಧಿಗಳನ್ನೆಲ್ಲ ಒಂದು ಮಹಾವೃಕ್ಷದ ಶಾಖೋಪಶಾಖೆಗಳಾಗಿ ಚಿತ್ರಿಸಿ ತೋರಿಸುತ್ತಿದ್ದನು. ಆದರೆ ಕಣ್ಣಿಗೆ ಒಂದೇ ತೆರನಾಗಿ ತೋರುವ ಎರಡು ರೋಗಗಳು ಮೂಲದಲ್ಲಿ ಬೇರೆಬೇರೆಯಾಗಿರಬಹುದೆಂಬುದನ್ನು ತಿಳಿಯುವ ಉಪಾಯವು ಇವರಿಬ್ಬರಿಗೂ ಇರಲಿಲ್ಲ.

ಆ ಉಪಾಯದ ಕಡೆಗೆ ಮೊದಲು ಹೆಜ್ಜೆಯಿಟ್ಟವನು ವಿಯೆನ್ನಾದ ಫರ್ಡಿನಂಡ್ ಹೆಬ್ರಾ. ಶವಪರೀಕ್ಷೆಯ ಮಹಾಚಾರ್ಯನಾದ ರೋಕಿಟಾನ್ಸ್ಕಿಯ ಸಾನ್ನಿಧ್ಯದಲ್ಲಿ ಬೆಳೆದ ಹೆಬ್ರಾನು 1845ರಲ್ಲಿ, ಚರ್ಮರೋಗಗಳ ವರ್ಗೀಕರಣಕ್ಕೆ ಅಂಗವಿಕೃತಿಯೇ ತಳಹದಿಯಾಗಬೇಕೆಂದು ಸಾರಿದನು. ಮೂರು ವರ್ಷಗಳ ತರುವಾಯ ಬರ್ಲಿನ್ನಿನ ಗುಸ್ಟಾವ್ ಸೈಮನ್ನನು, ಚರ್ಮವ್ಯಾಧಿಗಳನ್ನು ಅಂಗರಚನೆಯ ಪರಿಶೋಧನೆಯಿಂದ ವಿವರಿಸತಕ್ಕ ಗ್ರಂಥವೊಂದನ್ನು ಬರೆದನು. 1858ರಲ್ಲಿ ವಿರ್ಕೋವನು ರೋಗವೆಂಬುದು ಜೀವಕೋಶಗಳಲ್ಲಿಯೇ ನೆಲೆಸಿರತಕ್ಕದ್ದೆಂದು ಪ್ರತಿಪಾದಿಸಿದ ಮೇಲಂತೂ, ಚರ್ಮವು ಆ ತತ್ತ್ವದಿಂದ ಹೊರತಾಗಿ ಉಳಿಯುವುದು ಸಾಧ್ಯವಿರಲಿಲ್ಲ.

ತತ್ತ್ವವೊಂದಿದ್ದರೆ ಸಾಲದು, ಉಪಕರಣವೂ ಬೇಕು. ಜೀವಂತ ರೋಗಿಯಿಂದ ಅಂಗಾಂಶವನ್ನು ತೆಗೆದು ಪರೀಕ್ಷಿಸುವ ಕ್ರಮಕ್ಕೆ ಬಯಾಪ್ಸಿ ಎಂಬ ಹೆಸರನ್ನು 1879ರಲ್ಲಿ ಟಂಕಿಸಿದ ಬೆನಿಯೇ ಎಂಬುವನು ಪ್ಯಾರಿಸ್ಸಿನ ಚರ್ಮವೈದ್ಯನೇ. ಚರ್ಮದಿಂದ ಪುಟ್ಟ ಕಂಬದಂತಹ ತುಂಡನ್ನು ಕೊರೆದು ತೆಗೆಯುವ ಪಂಚ್ ಎಂಬ ಉಪಕರಣವನ್ನು 1887ರಲ್ಲಿ ವಿವರಿಸಿದವನು ಅಮೆರಿಕದ ಎಡ್ವರ್ಡ್ ಕೀಸ್. ಅಂಗಾಂಶವು ಕೆಡದಂತೆ ಕಾಯುವ ಫಾರ್ಮಲಿನ್ನಿನ ಗುಣವನ್ನು 1893ರಲ್ಲಿ ಕಂಡುಕೊಂಡವನು ಜರ್ಮನಿಯ ಬ್ಲೂಮ್. ಇವೆಲ್ಲ ಒದಗಿದ ಕಾಲಕ್ಕೆ ಸರಿಯಾಗಿ, ವಿಶ್ವವಿದ್ಯಾನಿಲಯವೇ ಇಲ್ಲದಿದ್ದ ಅಂದಿನ ಹ್ಯಾಂಬುರ್ಗ್ ನಗರದಲ್ಲಿ, ತಾನೇ ಕಟ್ಟಿದ ಖಾಸಗಿ ಚಿಕಿತ್ಸಾಲಯದಲ್ಲಿ ರೋಗಿಗಳನ್ನು ನೋಡುತ್ತ, ನೋಡಿದ ರೋಗಗಳ ತುಂಡುಗಳಿಗೆ ತಾನೇ ಬಣ್ಣ ಕಟ್ಟುತ್ತ ಕುಳಿತಿದ್ದ ಪೌಲ್ ಗೆರ್ಸನ್ ಉನ್ನಾ ಎಂಬ ಮಹನೀಯನು 1894ರಲ್ಲಿ ಚರ್ಮರೋಗಗಳ ಸೂಕ್ಷ್ಮವಿಕೃತಿಯನ್ನು ಕುರಿತ ಬೃಹದ್ಗ್ರಂಥವನ್ನು ಲೋಕಕ್ಕೆ ಕೊಟ್ಟನು. ಈ ಶಾಖೆಯು ಸ್ವತಂತ್ರವಾಗಿ ತಲೆಯೆತ್ತಿ ನಿಂತುದು ಅಂದಿನಿಂದ ಎಂದರೆ ಅತಿಶಯೋಕ್ತಿಯಾಗದು. ಉನ್ನಾನಲ್ಲಿ ನನಗೆ ಅತ್ಯಂತ ಗೌರವಾರ್ಹವೆಂದು ತೋರುವುದು ಅವನ ಪಾಂಡಿತ್ಯಕ್ಕಿಂತಲೂ ಹೆಚ್ಚಾಗಿ, ರೋಗಿಯನ್ನು ಕಂಡ ಕಣ್ಣೂ ಗಾಜಿನ ಫಲಕವನ್ನು ಕಂಡ ಕಣ್ಣೂ ಅವನಲ್ಲಿ ಒಂದೇ ಆಗಿದ್ದುದು.

ಉನ್ನಾನ ತರುವಾಯ ಈ ಪರಂಪರೆಯನ್ನು ಮುಂದುವರಿಸಿದ ಆಸ್ಕರ್ ಗಾನ್ಸರ ಹೆಸರನ್ನು ಭಾರತೀಯರಾದ ನಾವು ವಿಶೇಷವಾಗಿ ನೆನೆಯಬೇಕು. 1920ರ ದಶಕದಲ್ಲಿ ಚರ್ಮರೋಗಗಳ ಅಂಗಾಂಶಶಾಸ್ತ್ರವನ್ನು ಕುರಿತು ಪ್ರಮಾಣಗ್ರಂಥವನ್ನು ರಚಿಸಿದ ಈ ವಿದ್ವಾಂಸರು, ನಾಜಿಗಳ ಆಳ್ವಿಕೆಯಲ್ಲಿ ಫ್ರಾಂಕ್‌ಫರ್ಟಿನ ಪ್ರಾಧ್ಯಾಪಕ ಪದವಿಯನ್ನು ಕಳೆದುಕೊಂಡು, ಆಶ್ರಯವನ್ನು ಅರಸಿ ಬಂದುದು ನಮ್ಮ ಮುಂಬಯಿಗೆ. ಮಹಾಯುದ್ಧವು ಮುಗಿದ ಮೇಲೆ ಅವರು ಸ್ವದೇಶಕ್ಕೆ ಮರಳಿದರು. ಅದಕ್ಕೂ ಬಹು ಮುಂಚೆ ಅದೇ ಮುಂಬಯಿಯಲ್ಲಿ, ಗ್ರೇ ಮಹಾಶಯನ ಅಂಗರಚನಾಗ್ರಂಥಕ್ಕೆ ಚಿತ್ರಗಳನ್ನು ಬರೆದ ವ್ಯಾನ್‌ಡೈಕ್ ಕಾರ್ಟರನು ಕುಷ್ಠವನ್ನೂ, ಮಧುರೆಯ ಹೆಸರನ್ನೇ ಹೊತ್ತ ಪಾದರೋಗವನ್ನೂ ಸೂಕ್ಷ್ಮದರ್ಶಕದಿಂದ ಶೋಧಿಸಿದ್ದನು. ಕಾಲಾ ಆಜಾರ್ ಎಂಬ ಜ್ವರವು ವಾಸಿಯಾದ ಮೇಲೆ ಚರ್ಮದಲ್ಲಿ ಕಾಣಿಸಿಕೊಳ್ಳುವ ವಿಕಾರವನ್ನು 1922ರಲ್ಲಿ ಮೊದಲು ವರ್ಣಿಸಿದವರು ಕಲ್ಕತ್ತೆಯ ಉಪೇಂದ್ರನಾಥ ಬ್ರಹ್ಮಚಾರಿಯವರು.

ಜರ್ಮನಿಯಿಂದ ಅಮೆರಿಕಕ್ಕೆ ವಲಸೆ ಹೋದ ವಾಲ್ಟರ್ ಲೀವರ್ ಎಂಬ ಚರ್ಮವೈದ್ಯನು ಬಾಸ್ಟನ್ನಿನಲ್ಲಿದ್ದುಕೊಂಡು 1949ರಲ್ಲಿ ಪ್ರಕಟಿಸಿದ ಪಠ್ಯವು, ಪರಿಷ್ಕರಣಗಳ ಮೇಲೆ ಪರಿಷ್ಕರಣಗಳನ್ನು ಕಂಡು, ಇಂದಿಗೂ ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳ ಮೇಜಿನ ಮೇಲಿದೆ. ಅವನು 1953ರಲ್ಲಿ ಸಾಧಿಸಿದ ಒಂದು ಭೇದವು ಈ ಶಾಸ್ತ್ರದ ಪ್ರಯೋಜನವೇನೆಂಬುದಕ್ಕೆ ಉಜ್ಜ್ವಲ ನಿದರ್ಶನವಾದುದರಿಂದ ಇಲ್ಲಿ ತುಸು ನಿಲ್ಲುವುದು ಉಚಿತ. ಮೈಮೇಲೆ ನೀರು ತುಂಬಿದ ದೊಡ್ಡ ಬೊಕ್ಕೆಗಳೆದ್ದ ರೋಗಿಗಳನ್ನೆಲ್ಲ ಪೆಂಫಿಗಸ್ ಎಂಬ ಒಂದೇ ಹೆಸರಿನಡಿ ಸೇರಿಸುವ ವಾಡಿಕೆ ಅಂದು ಇತ್ತು. ಲೀವರನು ತೋರಿಸಿಕೊಟ್ಟಂತೆ, ನಿಜವಾದ ಪೆಂಫಿಗಸ್ಸಿನಲ್ಲಿ ಬಿರುಕು ಬೀಳುವುದು ಹೊರಚರ್ಮದ ಒಳಗಡೆ. ಜೀವಕೋಶಗಳು ಪರಸ್ಪರ ಅಂಟನ್ನು ಕಳೆದುಕೊಂಡು, ದುಂಡಗಾಗಿ, ಬೊಕ್ಕೆಯ ನೀರಿನಲ್ಲಿ ತೇಲುತ್ತವೆ, ತಳದ ಒಂದು ಸಾಲು ಮಾತ್ರ ಸಮಾಧಿಶಿಲೆಗಳಂತೆ ನೆಟ್ಟಗೆ ನಿಂತಿರುತ್ತದೆ. ಪೆಂಫಿಗಾಯ್ಡ್ ಎಂದು ಅವನು ಬೇರ್ಪಡಿಸಿದ ವ್ಯಾಧಿಯಲ್ಲಾದರೋ ಹೊರಚರ್ಮವು ಇಡಿಯಾಗಿ ಒಳಚರ್ಮದಿಂದ ಎದ್ದುಬಂದಿರುತ್ತದೆ. ಮೊದಲನೆಯದು ಸ್ಟೀರಾಯ್ಡುಗಳು ಬರುವುದಕ್ಕೆ ಮುಂಚೆ ಪ್ರಾಯಶಃ ಮಾರಕವೇ ಆಗಿತ್ತು. ಎರಡನೆಯದು ಬಹುಮಟ್ಟಿಗೆ ವೃದ್ಧರ ವ್ಯಾಧಿ, ಅಷ್ಟು ಕ್ರೂರವಲ್ಲದ್ದು. 1964ರಲ್ಲಿ ಬ್ಯೂಟ್ನರ್ ಮತ್ತು ಜೋರ್ಡನ್ ಎಂಬುವರು ಪ್ರತಿದೀಪ್ತ ವರ್ಣಗಳ ಸಹಾಯದಿಂದ, ಪೆಂಫಿಗಸ್ ರೋಗಿಯ ರಕ್ತದಲ್ಲಿ ತನ್ನ ಚರ್ಮವನ್ನೇ ವಿರೋಧಿಸುವ ಪ್ರತಿಕಾಯಗಳಿರುವುದನ್ನು ತೋರಿಸಿದ ಮೇಲೆ, ಲೀವರನ ಕಣ್ಣು ಕಂಡುದಕ್ಕೆ ರಸಾಯನದ ಸಾಕ್ಷ್ಯವೂ ದೊರೆಯಿತು.

ಕರಿಗಂತಿಯೆನ್ನಬಹುದಾದ ಮೆಲನೋಮಾದ ಆಳವನ್ನು ಮಿಲಿಮೀಟರಿನಲ್ಲಿ ಅಳೆದು ರೋಗಿಯ ಭವಿಷ್ಯವನ್ನು ಊಹಿಸುವ ಕ್ರಮವನ್ನು 1970ರಲ್ಲಿ ಬ್ರೆಸ್ಲೋ ಮುಂದಿಟ್ಟನು. ಉರಿಯೂತದ ವ್ಯಾಧಿಗಳಲ್ಲಿಯಾದರೋ ಹೊಸ ದಾರಿಯನ್ನು ತೆರೆದವನು ಬರ್ನಾರ್ಡ್ ಆಕರ್ಮನ್. 1978ರ ತನ್ನ ಗ್ರಂಥದಲ್ಲಿ ಅವನು, ಅಂಗಾಂಶವನ್ನು ಮೊದಲು ಅತ್ಯಲ್ಪ ವರ್ಧನದಲ್ಲಿ ಇಡಿಯಾಗಿ ನೋಡಿ, ಉರಿಯೂತದ ಕೋಶಗಳು ಎಲ್ಲಿ, ಯಾವ ವಿನ್ಯಾಸದಲ್ಲಿ ನೆರೆದಿವೆ ಎಂಬುದನ್ನು ಗುರುತಿಸಿ, ಒಂಬತ್ತು ಮೂಲವಿನ್ಯಾಸಗಳಲ್ಲಿ ಒಂದಕ್ಕೆ ಸೇರಿಸಿದ ಮೇಲೆಯೇ ಬಿಡಿಕೋಶಗಳ ಕಡೆಗೆ ಹೋಗಬೇಕೆಂದು ಬೋಧಿಸಿದನು. ಇದಕ್ಕೆ ಸ್ವಲ್ಪ ಮುಂಚೆ, 1974ರಲ್ಲಿ, ಅಮೆರಿಕದ ಚರ್ಮವೈದ್ಯ ಮಂಡಲಿಯೂ ಪೆಥಾಲಜಿ ಮಂಡಲಿಯೂ ಜೊತೆಗೂಡಿ ಈ ಶಾಖೆಗೆ ಪ್ರತ್ಯೇಕ ಪರೀಕ್ಷೆಯನ್ನು ಏರ್ಪಡಿಸಿದ್ದವು. ಎರಡು ಕಡೆಯವರಿಗೂ ಬಾಗಿಲು ತೆರೆದಿಟ್ಟ ಈ ಏರ್ಪಾಡು ಅತ್ಯಂತ ವಿವೇಕಯುತವಾದುದೆಂದು ನನ್ನ ಭಾವನೆ; ಚರ್ಮವೈದ್ಯನಾಗಿ ಬಂದವನು ಗಂತಿಗಳನ್ನು ಕಲಿಯಬೇಕು, ಪೆಥಾಲಜಿಸ್ಟನಾಗಿ ಬಂದವನು ರೋಗಿಯ ಮೈಯನ್ನು ಕಲಿಯಬೇಕು. ಬ್ರಿಟನ್ನಿನಲ್ಲಿಯೂ ಯೂರೋಪಿನಲ್ಲಿಯೂ ಇಂತಹವೇ ಪರೀಕ್ಷೆಗಳು ತರುವಾಯ ಬಂದವು.

ನಮ್ಮ ದೇಶದ ಸ್ಥಿತಿಯನ್ನು ಪರದೇಶದ ಅಳತೆಗೋಲಿನಿಂದ ಅಳೆಯಲಾಗದು. ಪಾಶ್ಚಾತ್ಯ ಆಸ್ಪತ್ರೆಗಳಲ್ಲಿ ಇಂತಹ ತಜ್ಞನ ಗಮನದ ಬಹುಭಾಗವನ್ನು ಸೆಳೆಯುವ ಮೆಲನೋಮಾವು ನಮ್ಮಲ್ಲಿ ವಿರಳ. ಕುಷ್ಠ, ಚರ್ಮಕ್ಷಯ, ಶಿಲೀಂಧ್ರವ್ಯಾಧಿಗಳು ನಮ್ಮಲ್ಲಿ ನಿತ್ಯದ ಅತಿಥಿಗಳು. 2005ರ ಅಂತ್ಯದಲ್ಲಿ ಕುಷ್ಠವು ರಾಷ್ಟ್ರಮಟ್ಟದಲ್ಲಿ ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕಡಮೆಯಾಯಿತೆಂಬುದು ನಿಜವಾದರೂ, ಜಗತ್ತಿನಲ್ಲಿ ವರ್ಷವರ್ಷವೂ ಪತ್ತೆಯಾಗುವ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಭಾರತೀಯರೇ. 1966ರಲ್ಲಿ ರಿಡ್ಲಿ ಮತ್ತು ಜಾಪ್ಲಿಂಗ್ ಎಂಬುವರು ಕುಷ್ಠವನ್ನು ರೋಗಿಯ ಪ್ರತಿರೋಧಶಕ್ತಿಯ ತಾರತಮ್ಯದಂತೆ ಐದು ಹಂತಗಳಾಗಿ ವಿಂಗಡಿಸಿದ ಕ್ರಮಕ್ಕೆ ಅಂಗಾಂಶಪರೀಕ್ಷೆಯೂ ಒಂದು ಆಧಾರಸ್ತಂಭ. ಒಂದು ತುದಿಯಲ್ಲಿ ಸೂಕ್ಷ್ಮಾಣುಗಳು ಕಾಣಸಿಗದ ಗಂಟುಗಳು ನರದ ಗುಂಟ ಉದ್ದುದ್ದವಾಗಿ ಹಬ್ಬಿರುತ್ತವೆ. ಇನ್ನೊಂದು ತುದಿಯಲ್ಲಿ ನೊರೆಯಂತಹ ಕೋಶಗಳು ಸೂಕ್ಷ್ಮಾಣುಗಳಿಂದ ಕಿಕ್ಕಿರಿದು, ಹೊರಚರ್ಮಕ್ಕೂ ತಮಗೂ ನಡುವೆ ಒಂದು ತೆರವಾದ ಪಟ್ಟಿಯನ್ನು ಬಿಟ್ಟು ನಿಂತಿರುತ್ತವೆ. ಕಷ್ಟವಿರುವುದು ಈ ತುದಿಗಳಲ್ಲಲ್ಲ. ಮಗುವಿನ ಕೆನ್ನೆಯ ಮೇಲಿನ ಮಸುಕಾದ ಬಿಳಿಯ ಮಚ್ಚೆಯಿಂದ ತೆಗೆದ ತುಂಡಿನಲ್ಲಿ, ಒಂದು ಪುಟ್ಟ ನರದ ಸುತ್ತ ನಾಲ್ಕಾರು ಲಿಂಫ್ ಕೋಶಗಳು ಮಾತ್ರ ಇದ್ದಾಗ, ದಿನವಿಡೀ ಕರುಳು, ಗರ್ಭಕೋಶ, ಥೈರಾಯ್ಡುಗಳನ್ನು ನೋಡಿ ದಣಿದ ಸಾಮಾನ್ಯ ಪೆಥಾಲಜಿಸ್ಟನು, ವಿಶೇಷವೇನೂ ಇಲ್ಲದ ಉರಿಯೂತವೆಂದು ಬರೆದು ಮುಗಿಸುವುದು ಅಪರೂಪವಲ್ಲ. ಶಿಕ್ಷಣ ಪಡೆದವನು ಅಲ್ಲಿ ನಿಲ್ಲುತ್ತಾನೆ, ಮೇಣದ ಅಚ್ಚಿನಿಂದ ಇನ್ನಷ್ಟು ಆಳದ ಪದರಗಳನ್ನು ಕತ್ತರಿಸಿ ತರಿಸುತ್ತಾನೆ, ಕುಷ್ಠದ ಸೂಕ್ಷ್ಮಾಣುಗಳನ್ನು ಕೆಂಪಾಗಿಸುವ ಫೈಟ್ ವರ್ಣವನ್ನು ಹಚ್ಚಿಸಿ ನರದೊಳಗೆ ಒಂದಾದರೂ ಕೆಂಪು ಕಡ್ಡಿಯಿದೆಯೇ ಎಂದು ಹುಡುಕುತ್ತಾನೆ. ಅದು ಸಿಕ್ಕಿದರೆ, ಮುಂದೆ ಕೈಬೆರಳು ಮಡಿಸಿಹೋಗಬಹುದಾಗಿದ್ದ ಮಗುವೊಂದು ಕೆಲವು ತಿಂಗಳುಗಳ ಮಾತ್ರೆಗಳಿಂದ ಗುಣವಾಗುತ್ತದೆ.

ಆದಕಾರಣ ಇಂತಹ ತಜ್ಞರನ್ನು ನೇಮಿಸಿಕೊಳ್ಳತಕ್ಕ ಆಸ್ಪತ್ರೆಯವರು ಪ್ರಶಸ್ತಿಪತ್ರಗಳನ್ನಷ್ಟೇ ಎಣಿಸದೆ, ಸಂದರ್ಶನದ ದಿನ ಅಭ್ಯರ್ಥಿಯ ಮುಂದೆ ಹತ್ತು ಫಲಕಗಳನ್ನಿಟ್ಟು, ಪ್ರತಿಯೊಂದಕ್ಕೂ ಅವನು ಯಾವ ಪ್ರಶ್ನೆಗಳನ್ನು ಕೇಳುತ್ತಾನೆಂಬುದನ್ನು ಗಮನಿಸಬೇಕು. ರೋಗಿಯ ವಯಸ್ಸೇನು, ಕಲೆ ಎಲ್ಲಿದೆ, ಎಷ್ಟು ಕಾಲದಿಂದಿದೆ, ಸ್ಪರ್ಶಜ್ಞಾನವಿದೆಯೇ, ಯಾವ ಲೇಪನವನ್ನು ಹಚ್ಚಿಕೊಂಡಿದ್ದಾನೆ ಎಂದು ಕೇಳದೆ ಹೆಸರನ್ನು ಹೇಳುವವನಿಗಿಂತ, ಕೇಳಿ ತಡೆದು ಹೇಳುವವನು ಮೇಲು. ನೇಮಕವಾದ ಮೇಲೆ ಅವನನ್ನು ನೆಲಮಾಳಿಗೆಯ ಪ್ರಯೋಗಶಾಲೆಯಲ್ಲಿ ಕೂಡಿಹಾಕಿ, ಚರ್ಮದ ತುಂಡು ಎಂದು ಎರಡೇ ಪದ ಬರೆದ ಚೀಟಿಗಳನ್ನು ಅವನಿಗೆ ಕಳುಹಿಸುವುದಾದರೆ, ಅವನಿಗೆ ಕೊಟ್ಟ ಸಂಬಳವು ಬಹುಪಾಲು ವ್ಯರ್ಥ. ಬೊಕ್ಕೆಯ ರೋಗದಲ್ಲಿ ಪ್ರತಿದೀಪ್ತಿ ಪರೀಕ್ಷೆಗಾಗಿ ಬೊಕ್ಕೆಯ ಪಕ್ಕದ ಚರ್ಮವನ್ನೇ ತೆಗೆಯಬೇಕೆಂಬುದನ್ನೂ, ಅದನ್ನು ಫಾರ್ಮಲಿನ್ನಿಗೆ ಹಾಕಿದರೆ ಪರೀಕ್ಷೆಯು ಕೆಟ್ಟುಹೋಗುವುದೆಂಬುದನ್ನೂ ವಾರ್ಡಿನ ಕಿರಿಯ ವೈದ್ಯರಿಗೆ ತಿಳಿಸಬೇಕಾದವನು ಅವನು. ತುಂಡು ಸೀಸೆಗೆ ಬಿದ್ದ ಮೇಲೆ ತಿಳಿಸಿ ಪ್ರಯೋಜನವಿಲ್ಲ. ಗಾಜಿನ ಫಲಕಗಳನ್ನು ಇಡಿಯಾಗಿ ಛಾಯಾಗ್ರಹಿಸಿ ದೂರದ ತಜ್ಞರಿಗೆ ಕಳುಹಿಸುವ ಯಂತ್ರಗಳು ಈಗ ಬಂದಿವೆ. ಬೀದರಿನ ಫಲಕವನ್ನು ಬೆಂಗಳೂರಿನಲ್ಲಿ ಕುಳಿತು ನೋಡಬಹುದು. ಜಿಲ್ಲಾಸ್ಪತ್ರೆಗಳಿಗೆ ಇದರಿಂದ ಮಹದುಪಕಾರವಾಗುವುದು ನಿಶ್ಚಯ, ಆದರೆ ಫಲಕದ ಜೊತೆಗೆ ರೋಗಿಯ ಕಲೆಯ ಛಾಯಾಚಿತ್ರವೂ, ಅದನ್ನು ಕಂಡ ವೈದ್ಯನ ನಾಲ್ಕು ಸಾಲುಗಳೂ ಹೋಗಬೇಕು. ದೊಡ್ಡ ಆಸ್ಪತ್ರೆಯಲ್ಲಾದರೆ ವಾರಕ್ಕೆ ಒಂದು ಅರ್ಧದಿನವನ್ನಾದರೂ ಈ ಪೆಥಾಲಜಿಸ್ಟರು ಚರ್ಮವಿಭಾಗದ ಹೊರರೋಗಿಗಳ ನಡುವೆ ಕಳೆಯತಕ್ಕದ್ದೆಂಬ ವಿಧಿಯನ್ನು ನೇಮಕಾತಿಯ ಆಜ್ಞೆಯಲ್ಲಿಯೇ ಬರೆದಿಡತಕ್ಕದ್ದು.