ಸಮುದಾಯ ಕಾಲೇಜುಗಳಲ್ಲಿ ರಾಜ್ಯಶಾಸ್ತ್ರ ಮತ್ತು ಆಡಳಿತಶಾಸ್ತ್ರದ ವ್ಯಾಸಂಗ

ಆಡಳಿತದ ಮರ್ಮವನ್ನು ಕಲಿಯತಕ್ಕವರು ಯಾರು? ಅಧಿಕಾರಸ್ಥಾನದಲ್ಲಿ ಕೂರುವವರು ಮಾತ್ರವೆ, ಅಥವಾ ಅರ್ಜಿ ಹಿಡಿದು ಕಚೇರಿಯ ಬಾಗಿಲಲ್ಲಿ ಕಾಯುವವರೂ ಉಂಟೆ? ಈ ಪ್ರಶ್ನೆಗೆ ಅಮೆರಿಕದ ಸಂಯುಕ್ತ ಸಂಸ್ಥಾನಗಳ ವಿದ್ಯಾಚರಿತ್ರೆಯಲ್ಲಿ ಎರಡು ಉತ್ತರಗಳು ದೊರೆಯುತ್ತವೆ. ಒಂದು ವಿಶ್ವವಿದ್ಯಾಲಯಗಳದು, ಮತ್ತೊಂದು ಅಲ್ಲಿ ಸಮುದಾಯ ಕಾಲೇಜುಗಳೆಂದು ಹೆಸರಾದ ಎರಡು ವರ್ಷದ ವಿದ್ಯಾಲಯಗಳದು. ಎರಡನೆಯದನ್ನು ಅರಿಯಬೇಕಾದರೆ ಮೊದಲನೆಯದನ್ನು ಸಂಗ್ರಹವಾಗಿಯಾದರೂ ನೋಡಬೇಕು.

ಹತ್ತೊಂಬತ್ತನೆಯ ಶತಮಾನದಲ್ಲಿ ಆ ದೇಶದ ಸರ್ಕಾರಿ ಹುದ್ದೆಗಳು ಬಹುಮಟ್ಟಿಗೆ ಗೆದ್ದ ಪಕ್ಷದ ಅನುಯಾಯಿಗಳಿಗೆ ಹಂಚಿಹೋಗುತ್ತಿದ್ದುವು. 1881ರಲ್ಲಿ, ಹುದ್ದೆ ದೊರೆಯದೆ ನಿರಾಶನಾದವನೊಬ್ಬನು ಅಧ್ಯಕ್ಷ ಗಾರ್‌ಫೀಲ್ಡರ ಮೇಲೆ ಗುಂಡು ಹಾರಿಸಿದನು. ಅದರಿಂದಲೇ ಅವರು ಮಡಿದರು. 1883ರ ಪೆಂಡಲ್ಟನ್ ಶಾಸನವು ಪರೀಕ್ಷೆಯ ಮೂಲಕ ನೇಮಿಸುವ ಪದ್ಧತಿಯನ್ನು ತಂದಿತು. ಮುಂದೆ ಅಧ್ಯಕ್ಷರಾದ ವುಡ್ರೋ ವಿಲ್ಸನ್ನರು 1887ರ ಪ್ರಬಂಧವೊಂದರಲ್ಲಿ, ರಾಜಕೀಯ ಬೇರೆ, ಆಡಳಿತ ಬೇರೆ, ಆಡಳಿತಕ್ಕೆ ಸ್ವತಂತ್ರವಾದ ಅಧ್ಯಯನ ಬೇಕು ಎಂದು ಪ್ರತಿಪಾದಿಸಿದರು. ಆಡಳಿತಶಾಸ್ತ್ರದ ಉಗಮವನ್ನು ವಿದ್ವಾಂಸರು ಸಾಮಾನ್ಯವಾಗಿ ಇಲ್ಲಿಂದಲೇ ಎಣಿಸುತ್ತಾರೆ. 1911ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ಸಾರ್ವಜನಿಕ ಸೇವೆಯ ತರಬೇತಿ ಶಾಲೆ 1924ರಲ್ಲಿ ಸಿರಾಕ್ಯೂಸ್ ವಿಶ್ವವಿದ್ಯಾಲಯದ ಮ್ಯಾಕ್ಸ್‌ವೆಲ್ ಶಾಲೆಗೆ ಸೇರಿತು. ಆ ಶಾಲೆಯ ಮುಖ್ಯರಾಗಿದ್ದ ಪಾಲ್ ಆಪಲ್ಬಿಯವರು 1953ರಲ್ಲಿ ಭಾರತ ಸರ್ಕಾರಕ್ಕೆ ಒಪ್ಪಿಸಿದ ವರದಿಯ ಫಲವಾಗಿಯೇ ಮರುವರ್ಷ ದೆಹಲಿಯಲ್ಲಿ ಭಾರತೀಯ ಸಾರ್ವಜನಿಕ ಆಡಳಿತ ಸಂಸ್ಥೆ ಸ್ಥಾಪಿತವಾಯಿತು. ಇದೆಲ್ಲವೂ ಅಧಿಕಾರಿಗಳ ವಿದ್ಯೆ.

ಸಮುದಾಯ ಕಾಲೇಜಿನ ವಂಶವೇ ಬೇರೆ. ಷಿಕಾಗೋ ವಿಶ್ವವಿದ್ಯಾಲಯದ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರರ ಪ್ರೇರಣೆಯಿಂದ, ಇಲಿನಾಯ್ ಸಂಸ್ಥಾನದ ಜೋಲಿಯೆಟ್ ಊರಿನ ಪ್ರೌಢಶಾಲೆಯಲ್ಲಿ 1901ರಲ್ಲಿ ಆರು ಮಂದಿ ವಿದ್ಯಾರ್ಥಿಗಳಿಗೆ ಕಾಲೇಜಿನ ಮೊದಲೆರಡು ವರ್ಷಗಳ ಪಾಠ ನಡೆಯಿತು. ಕ್ಯಾಲಿಫೋರ್ನಿಯ 1907ರಲ್ಲಿ ಇಂಥ ಪಾಠಗಳಿಗೆ ಶಾಸನದ ಸಮ್ಮತಿಯನ್ನಿತ್ತಿತು. 1910ರಲ್ಲಿ ಒಕ್ಕಲುತನದ ಸೀಮೆಯಾದ ಫ್ರೆಸ್ನೋದಲ್ಲಿ ಮೊದಲ ಕಾಲೇಜು ತೆರೆಯಿತು. ಮನೆಯನ್ನು ಬಿಡದೆ ಓದಬಹುದೆಂಬುದೇ ಇವುಗಳ ಮುಖ್ಯ ಆಕರ್ಷಣೆ. ಆಗ ಇವುಗಳ ಹೆಸರು ಜೂನಿಯರ್ ಕಾಲೇಜು. ಅಧ್ಯಕ್ಷ ಟ್ರೂಮನ್ನರು ನೇಮಿಸಿದ ಉನ್ನತ ಶಿಕ್ಷಣ ಆಯೋಗವು 1947ರ ವರದಿಯಲ್ಲಿ, ಉನ್ನತ ವಿದ್ಯೆಯನ್ನು ಪ್ರಜಾಪ್ರಭುತ್ವದ ಸಾಧನವೆಂದು ಎಣಿಸಿ, ಸಮುದಾಯ ಕಾಲೇಜು ಎಂಬ ಹೆಸರನ್ನು ಪ್ರಚಾರಕ್ಕೆ ತಂದಿತು.

ಲೆಕ್ಕದ ವೃತ್ತಿಯವರ ಕಣ್ಣು ಶುಲ್ಕದ ಮೇಲೆ ನಿಲ್ಲುವುದು ಸಹಜ. ಕ್ಯಾಲಿಫೋರ್ನಿಯದ ಈ ಕಾಲೇಜುಗಳಲ್ಲಿ 1984ರವರೆಗೆ ಅಲ್ಲಿಯ ನಿವಾಸಿಗಳಿಗೆ ಬೋಧನಾಶುಲ್ಕವೇ ಇರಲಿಲ್ಲ. ಆ ವರ್ಷ ಯೂನಿಟ್ ಒಂದಕ್ಕೆ 5 ಡಾಲರು ಗೊತ್ತುಮಾಡಿದರು. 2012ರಿಂದ ಅದು 46 ಡಾಲರು. ಎರಡು ವರ್ಷದ ಅಸೋಸಿಯೇಟ್ ಪದವಿಗೆ 60 ಯೂನಿಟ್ ಬೇಕಾಗುವುದರಿಂದ ಒಟ್ಟು ಶುಲ್ಕ 2,760 ಡಾಲರು. ಪುಸ್ತಕ, ಊಟ, ಬಾಡಿಗೆಗಳ ಮಾತು ಬೇರೆ. ಹಗಲು ದುಡಿದು ಸಂಜೆ ಪಾಠಕ್ಕೆ ಬರುವವರು ಇಲ್ಲಿ ವಿರಳವಲ್ಲ. ಆ ಸಂಸ್ಥಾನದ ಸ್ಟೇಟ್ ಯೂನಿವರ್ಸಿಟಿಯ ಪದವಿಗೆ ದೇಶದ ಇತಿಹಾಸ, ಸಂವಿಧಾನ, ಸಂಸ್ಥಾನ ಮತ್ತು ಸ್ಥಳೀಯ ಸರ್ಕಾರಗಳ ಅಭ್ಯಾಸ ಕಡ್ಡಾಯ. ಈ ನಿಯಮವನ್ನು ಇಲ್ಲಿಯೇ ಪೂರೈಸಿಕೊಳ್ಳಬಹುದಾಗಿ, ದಾದಿಯಾಗಹೊರಟವಳೂ ಎಂಜಿನಿಯರಾಗಹೊರಟವನೂ ರಾಜ್ಯಶಾಸ್ತ್ರದ ಮೊದಲ ಪಾಠವನ್ನು ಕೇಳುತ್ತಾರೆ. ನಮ್ಮ ಮಟ್ಟಿಗೆ ಈ ವ್ಯವಸ್ಥೆಯ ಅತ್ಯುತ್ತಮ ಅಂಶ ಇದೇ.

ಆದರೆ ಇಲ್ಲಿಯೂ ಒಂದು ಗೆರೆ ಬಿದ್ದಿದೆ. ರಾಜ್ಯಶಾಸ್ತ್ರವನ್ನು ಹಿಡಿದವನು ಮುಂದೆ ವಿಶ್ವವಿದ್ಯಾಲಯಕ್ಕೆ ಹೋಗತಕ್ಕವನು. ಆಡಳಿತದ ಪಾಠಗಳು ಬಹುತೇಕ ನೌಕರಿಯಲ್ಲಿರುವವನಿಗೆ ಅಥವಾ ಅದನ್ನು ಅರಸುವವನಿಗೆ ಪ್ರಮಾಣಪತ್ರ ಕೊಡುವಂಥವು. ವಿಲ್ಸನ್ನರು ಶಾಸ್ತ್ರದಲ್ಲಿ ಎಳೆದ ಗೆರೆ ಇಲ್ಲಿ ಮನುಷ್ಯರ ನಡುವೆಯೇ ಬಿದ್ದಂತೆ ತೋರುತ್ತದೆ. 1960ರ ಕ್ಯಾಲಿಫೋರ್ನಿಯ ಮಹಾಯೋಜನೆಯು ಪ್ರೌಢಶಾಲೆ ಮುಗಿಸಿದವರಲ್ಲಿ ಮೇಲಿನ ಎಂಟನೆಯ ಒಂದು ಭಾಗದವರಿಗೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯವನ್ನೂ, ಮೂರನೆಯ ಒಂದು ಭಾಗದವರಿಗೆ ಸ್ಟೇಟ್ ಕಾಲೇಜುಗಳನ್ನೂ ಗೊತ್ತುಮಾಡಿ, ಎಲ್ಲರಿಗೂ ತೆರೆದ ಬಾಗಿಲನ್ನು ಜೂನಿಯರ್ ಕಾಲೇಜಿಗೆ ಬಿಟ್ಟಿತು. ಬಾಗಿಲು ತೆರೆದಿತ್ತು, ನಿಜ. ಅದೇ 1960ರಲ್ಲಿ ಸಮಾಜಶಾಸ್ತ್ರಜ್ಞ ಬರ್ಟನ್ ಕ್ಲಾರ್ಕರು ಸ್ಯಾನ್ ಹೋಸೆಯ ಕಾಲೇಜನ್ನು ಪರಿಶೀಲಿಸಿ, ವಿಶ್ವವಿದ್ಯಾಲಯದ ಆಸೆಯಿಂದ ಬಂದ ಅನೇಕರ ಉತ್ಸಾಹವನ್ನು ಪರೀಕ್ಷೆಗಳೂ ಸಲಹೆಗಾರರೂ ಮೆಲ್ಲಮೆಲ್ಲನೆ ತಣಿಸಿ ಕಿರಿಯ ಗುರಿಗಳತ್ತ ತಿರುಗಿಸುವ ಬಗೆಯನ್ನು ತೋರಿಸಿದರು. ಒಳಗೆ ಬಂದವನು ಇನ್ನೊಂದು ಬಾಗಿಲನ್ನು ಕಾಣದೆಯೇ ಹೊರಟುಹೋಗುತ್ತಿದ್ದನು.

ನೌಕರನಿಗೆ ಆಡಳಿತವನ್ನು ಕಲಿಸುವ ಪ್ರಯತ್ನ ಮುಂಬಯಿಯ ವಾಚಕರಿಗೆ ಅಪರಿಚಿತವಲ್ಲ. ಇಂದು ಅಖಿಲ ಭಾರತೀಯ ಸ್ಥಾನಿಕ ಸ್ವರಾಜ್ಯ ಸಂಸ್ಥೆಯೆಂದು ಹೆಸರಾಗಿರುವ ಸಂಸ್ಥೆ 1926ರಲ್ಲಿ ಈ ನಗರದಲ್ಲಿಯೇ ಸ್ಥಾಪಿತವಾಗಿ, ನಗರಸಭೆಗಳ ನೌಕರರಿಗೆ ಶಿಕ್ಷಣವನ್ನು ಕೊಡುತ್ತ ಬಂದಿದೆ. ಪುದುಚೇರಿ ವಿಶ್ವವಿದ್ಯಾಲಯವು 1995ರಲ್ಲಿ ಸಮುದಾಯ ಕಾಲೇಜೆಂಬ ಹೆಸರನ್ನೇ ನಮ್ಮ ದೇಶಕ್ಕೆ ತಂದಿತು. ಆದರೆ ಭಾರತದಲ್ಲಿ ಆ ಹೆಸರು ಹೆಚ್ಚಾಗಿ ಕಸುಬಿನ ಶಿಕ್ಷಣಕ್ಕೇ ಅಂಟಿಕೊಂಡಿತು.

ಕ್ಯಾಲಿಫೋರ್ನಿಯದಲ್ಲಿ ಆ ಇನ್ನೊಂದು ಬಾಗಿಲನ್ನು ಶಾಸನದಿಂದಲೇ ತೆರೆಯುವ ಯತ್ನ 2010ರಲ್ಲಿ ನಡೆಯಿತು. ಆ ವರ್ಷದ ಶಾಸನದಂತೆ, ಸಮುದಾಯ ಕಾಲೇಜಿನಲ್ಲಿ ವರ್ಗಾವಣೆಗೆಂದೇ ಏರ್ಪಟ್ಟ ಅಸೋಸಿಯೇಟ್ ಪದವಿಯನ್ನು ಪಡೆದವನಿಗೆ ಸ್ಟೇಟ್ ಯೂನಿವರ್ಸಿಟಿಯ ಯಾವುದಾದರೊಂದು ಶಾಖೆಯಲ್ಲಿ ಮೂರನೆಯ ವರ್ಷಕ್ಕೆ ಪ್ರವೇಶ ಖಚಿತ. ಅಂಥ ಪದವಿಗಳಲ್ಲಿ ರಾಜ್ಯಶಾಸ್ತ್ರವೂ ಒಂದು.